ಯಾವ ಕಾನೂನಿನ ಮೇರೆಗೆ?

ಊಟ ಮುಗಿದು ದೀಪ ಆರಿಸುವ ಹೊತ್ತಿಗೆ ನಿಮ್ಮ ಮನೆಯ ಬಾಗಿಲನ್ನು ಯಾರೋ ತಟ್ಟಿದರೆಂದು ಇಟ್ಟುಕೊಳ್ಳಿ. ಬಾಗಿಲು ತೆರೆದರೆ ಪೋಲೀಸು ಅಧಿಕಾರಿಯೊಬ್ಬರು ನಿಂತಿದ್ದಾರೆ. "ತಾವು ಸ್ವಲ್ಪ ಠಾಣೆಯವರೆಗೆ ಬರಬೇಕು, ಸ್ವಾಮಿ" ಎಂದು ಮರ್ಯಾದೆಯಿಂದಲೇ ಹೇಳುತ್ತಾರೆ. ಒಳಗಿನಿಂದ ಮನೆಯವರು "ಯಾರ್ರೀ ಅದು, ಇಷ್ಟು ಹೊತ್ತಿನಲ್ಲಿ?" ಎಂದು ಕೇಳುತ್ತಾರೆ. ಆಗ ನಿಮ್ಮ ಬಾಯಿಗೆ ಬರುವ ಮೊದಲ ಮಾತು "ಏಕೆ?" ಎಂಬುದು. ನೀವು ಕೊಂಚ ಕಾನೂನು ಬಲ್ಲವರಾಗಿದ್ದರೆ ಇನ್ನೊಂದು ಪ್ರಶ್ನೆಯನ್ನೂ ಕೇಳುವಿರಿ: "ಯಾವ ಕಾನೂನಿನ ಮೇರೆಗೆ?"

ಈ ಎರಡು ಪ್ರಶ್ನೆಗಳೂ ಒಂದೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅವು ಒಂದಲ್ಲ. ಎರಡನೆಯದಕ್ಕೆ ಉತ್ತರ ದೊರೆತ ಮಾತ್ರಕ್ಕೆ ಮೊದಲನೆಯದಕ್ಕೆ ಉತ್ತರ ದೊರೆತಂತಾಗದು. ಅವೆರಡರ ನಡುವೆ ಎಷ್ಟು ಅಂತರವಿದೆ ಎಂಬುದನ್ನು ನಮ್ಮ ದೇಶ 1950ರಿಂದೀಚೆಗೆ ಬಹಳ ಕಷ್ಟಪಟ್ಟು ಕಲಿತುಕೊಂಡಿದೆ. ಆ ಕಥೆಯನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲು, ಬಾಗಿಲಲ್ಲಿ ನಿಂತ ನಿಮಗೆ ಸಂವಿಧಾನ ಏನನ್ನು ಕೊಟ್ಟಿದೆ ಎಂಬುದನ್ನು ನೋಡೋಣ. ಅದರ 22ನೆಯ ಅನುಚ್ಛೇದ ಹೇಳುವುದಿಷ್ಟು. ದಸ್ತಗಿರಿ ಮಾಡಿದವನಿಗೆ ಅದರ ಕಾರಣವನ್ನು ಆದಷ್ಟು ಬೇಗ ತಿಳಿಸಬೇಕು. ತನಗೆ ಬೇಕಾದ ವಕೀಲನನ್ನು ಕಂಡು ಸಲಹೆ ಪಡೆಯಲು ಅವನಿಗೆ ಅವಕಾಶವಿರಬೇಕು. ದಾರಿಯ ಹೊತ್ತನ್ನು ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ದಸ್ತಗಿರಿಯ ಸುದ್ದಿಯನ್ನು ನೆಂಟರಿಗಾಗಲಿ ಸ್ನೇಹಿತರಿಗಾಗಲಿ ತಿಳಿಸಬೇಕು, ಸಾಕ್ಷಿಯ ಸಹಿಯಿರುವ ಒಂದು ದಾಖಲೆಯನ್ನು ಆಗಲೇ ಬರೆಯಬೇಕು ಎಂದು ಸುಪ್ರೀಂ ಕೋರ್ಟು 1996ರಲ್ಲಿ ವಿಧಿಸಿತು. ಹಳೆಯ ಕ್ರಿಮಿನಲ್ ಪ್ರೊಸೀಜರ್ ಕೋಡಿಗೆ ಬದಲಾಗಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆಯಷ್ಟೆ. ಇಪ್ಪತ್ತನಾಲ್ಕು ಗಂಟೆಯ ಈ ಕಟ್ಟು ಅದರಲ್ಲಿಯೂ ಇದೆ. ಸುಶಿಕ್ಷಿತರಾದ ನಮ್ಮ ಗೃಹಸ್ಥರಲ್ಲಿ ಕೂಡ ಅನೇಕರು ಇದನ್ನು ಅರಿಯರು. ಬ್ಯಾಂಕಿನ ಬಡ್ಡಿಯ ದರವನ್ನು ಕಾಸು ಕಾಸಿನ ಲೆಕ್ಕದಲ್ಲಿ ಬಲ್ಲವರೂ ಇದನ್ನು ಅರಿಯರು.

ಇಷ್ಟಕ್ಕೇ ನಿಂತಿದ್ದರೆ ಈ ಭಾಷಣದ ಅಗತ್ಯವಿರುತ್ತಿರಲಿಲ್ಲ. ಅದೇ ಅನುಚ್ಛೇದದ ಮೂರನೆಯ ಖಂಡ ಏನೆನ್ನುತ್ತದೆ ಗೊತ್ತೆ? ಈ ರಕ್ಷಣೆಗಳು ಇಬ್ಬರಿಗೆ ಇಲ್ಲ. ಒಬ್ಬ, ಶತ್ರುದೇಶದ ಪ್ರಜೆ. ಇನ್ನೊಬ್ಬ, ಮುನ್ನೆಚ್ಚರಿಕೆಯ ಬಂಧನದ ಕಾನೂನಿನ ಮೇರೆಗೆ ಹಿಡಿಯಲ್ಪಟ್ಟವನು. ಎಂದರೆ, ಅಪರಾಧ ಮಾಡಿದ್ದಕ್ಕಾಗಿ ಅಲ್ಲದೆ, ಮುಂದೆ ಏನಾದರೂ ಮಾಡಿಯಾನು ಎಂಬ ಶಂಕೆಯಿಂದ ಹಿಡಿಯಲ್ಪಟ್ಟ ನಮ್ಮದೇ ದೇಶದ ಮನುಷ್ಯ. ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿಯೇ ಇದು ಹೇಗೆ ಬಂದು ಕುಳಿತಿತು?

ಇಂಥ ಬಂಧನ ಬ್ರಿಟಿಷರು ಬಿಟ್ಟುಹೋದ ಆಸ್ತಿ. ಬಂಗಾಳದ 1818ರ ಮೂರನೆಯ ರೆಗ್ಯುಲೇಷನ್ನಿನ ಬಲದಿಂದ 1907ರಲ್ಲಿ ಲಾಲಾ ಲಜಪತರಾಯರನ್ನು ವಿಚಾರಣೆಯಿಲ್ಲದೆ ಬರ್ಮಾದ ಮಂಡಾಲೆಗೆ ಒಯ್ದರು. 1919ರ ರೌಲತ್ ಕಾಯಿದೆಯ ವಿರುದ್ಧ ದೇಶಕ್ಕೆ ದೇಶವೇ ಎದ್ದು ನಿಂತದ್ದು ಇದೇ ಕಾರಣಕ್ಕೆ. ಆ ಚಳವಳಿಯಲ್ಲಿ ಬೆಳೆದವರೇ ಸಂವಿಧಾನ ಬರೆಯಲು ಕುಳಿತಾಗ, ಹಿಂದೆ ತಮ್ಮನ್ನು ಬಂಧಿಸಿದ ಆಯುಧವನ್ನು ಎಸೆಯಲು ಅವರಿಗೆ ಧೈರ್ಯ ಬರಲಿಲ್ಲ. ದೇಶ ಆಗತಾನೆ ಒಡೆದಿತ್ತು, ಕೋಟ್ಯಂತರ ಜನ ನಿರಾಶ್ರಿತರಾಗಿದ್ದರು, ಗಾಂಧೀಜಿಯ ಕೊಲೆಯಾಗಿತ್ತು. ಅವರ ಅಂಜಿಕೆ ಸುಳ್ಳು ಅಂಜಿಕೆಯೆಂದು ಇಂದು ಕುರ್ಚಿಯಲ್ಲಿ ಕುಳಿತು ಹೇಳುವುದು ಸುಲಭ.

ಆದರೆ ಕಥೆಯ ಮುಖ್ಯ ಗಂಟು ಇರುವುದು ಅದಕ್ಕಿಂತ ಹಿಂದಿನ 21ನೆಯ ಅನುಚ್ಛೇದದಲ್ಲಿ. ಅದು ಒಂದೇ ಒಂದು ವಾಕ್ಯ. ಕಾನೂನಿನಿಂದ ಸ್ಥಾಪಿತವಾದ ಕ್ರಮಕ್ಕೆ ಅನುಸಾರವಾಗಿ ಅಲ್ಲದೆ ಯಾರ ಪ್ರಾಣವನ್ನಾಗಲಿ ದೈಹಿಕ ಸ್ವಾತಂತ್ರ್ಯವನ್ನಾಗಲಿ ಕಸಿಯಕೂಡದು ಎಂಬುದು ಅದರ ತಾತ್ಪರ್ಯ. ಇಲ್ಲಿ "ಕಾನೂನಿನಿಂದ ಸ್ಥಾಪಿತವಾದ ಕ್ರಮ" ಎಂಬ ಮಾತು ಮೊದಲಿಗೆ ಇರಲಿಲ್ಲ. ಮೊದಲಿದ್ದದ್ದು ಅಮೆರಿಕದಿಂದ ತಂದ "ಡ್ಯೂ ಪ್ರೋಸೆಸ್ ಆಫ್ ಲಾ" ಎಂಬ ಮಾತು. ಕಾನೂನು ಇದ್ದರೆ ಸಾಲದು, ಅದು ಧರ್ಮಸಮ್ಮತವಾಗಿಯೂ ಇರಬೇಕು ಎಂದು ನ್ಯಾಯಾಧೀಶನು ಒರೆಹಚ್ಚಿ ನೋಡಲು ಎಡೆಕೊಡುವ ಮಾತು ಅದು.

ಇದು ಬದಲಾದುದರ ಹಿಂದೆ ನಮ್ಮ ನಾಡಿನ ಒಬ್ಬ ದೊಡ್ಡ ಮನುಷ್ಯರಿದ್ದಾರೆ. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು. 1947ರ ಕೊನೆಯಲ್ಲಿ ಅವರು ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳನ್ನು ಸುತ್ತಿ ಅಲ್ಲಿನ ಪಂಡಿತರನ್ನು ಕಂಡುಬಂದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರಿಗೆ ಎಚ್ಚರ ಹೇಳಿದರು: ಈ ಮಾತನ್ನು ಸೇರಿಸಿದರೆ, ಜನರು ಆರಿಸಿದ ಶಾಸನಸಭೆ ಮಾಡಿದ ಕಾನೂನನ್ನು ಕೆಲವೇ ಮಂದಿ ನ್ಯಾಯಾಧೀಶರು ತಳ್ಳಿಹಾಕಬಹುದು, ಅದು ಪ್ರಜಾಪ್ರಭುತ್ವವಾಗದು, ಕೋರ್ಟುಗಳ ತಲೆಯ ಮೇಲೂ ಅನುಚಿತವಾದ ಭಾರ ಬೀಳುತ್ತದೆ.

ಫ್ರಾಂಕ್‌ಫರ್ಟರರ ಮಾತಿಗೆ ಆಧಾರವಿತ್ತು. ರೊಟ್ಟಿಯಂಗಡಿಯ ಕೆಲಸಗಾರನನ್ನು ದಿನಕ್ಕೆ ಹತ್ತು ಗಂಟೆಗಿಂತ, ವಾರಕ್ಕೆ ಅರವತ್ತು ಗಂಟೆಗಿಂತ ಹೆಚ್ಚು ದುಡಿಸಕೂಡದೆಂದು ನ್ಯೂಯಾರ್ಕ್ ರಾಜ್ಯ ಒಂದು ಕಾನೂನು ಮಾಡಿದ್ದಿತು. ಅದು ಮಾಲೀಕನ ಮತ್ತು ಆಳಿನ ಸ್ವಾತಂತ್ರ್ಯಕ್ಕೆ ವಿರೋಧವೆಂದು 1905ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಸ್ವಾತಂತ್ರ್ಯದ ಹೆಸರಿನಲ್ಲಿ ಬಡವನ ಬೆನ್ನು ಮುರಿದಂತಾಯಿತು. ನಮ್ಮಲ್ಲಾದರೋ ಜಮೀನ್ದಾರಿಯನ್ನು ಕಿತ್ತುಹಾಕುವ ಕಾನೂನುಗಳು ಆಗ ತಯಾರಾಗುತ್ತಿದ್ದುವು. ಅವುಗಳಿಗೂ ಇದೇ ಗತಿಯಾದೀತೆಂಬ ಭಯ ಸಹಜವಾದದ್ದೇ. ರಾಯರು ಮರಳಿ ಬಂದ ಮೇಲೆ ಕರಡು ಸಮಿತಿ "ಡ್ಯೂ ಪ್ರೋಸೆಸ್" ತೆಗೆದು, ಜಪಾನಿನ ಹೊಸ ಸಂವಿಧಾನವನ್ನು ಮಾದರಿಯಾಗಿಟ್ಟುಕೊಂಡು ಈಗಿನ ಮಾತನ್ನು ಇಟ್ಟಿತು.

1948ರ ಡಿಸೆಂಬರಿನಲ್ಲಿ ಸಭೆಯಲ್ಲಿ ಇದರ ಮೇಲೆ ಜೋರಾದ ಚರ್ಚೆ ನಡೆಯಿತು. ಠಾಕುರದಾಸ ಭಾರ್ಗವ, ಕೆ. ಎಂ. ಮುನ್ಷಿ ಮೊದಲಾದವರು ಹಳೆಯ ಮಾತೇ ಇರಲಿ ಎಂದರು. ಅಂಬೇಡ್ಕರರು ಎರಡು ಪಕ್ಷಗಳನ್ನೂ ಸಭೆಯ ಮುಂದಿಟ್ಟು, ಐದಾರು ಮಂದಿ ನ್ಯಾಯಾಧೀಶರನ್ನು ಪೂರ್ಣವಾಗಿ ನಂಬುವುದೂ ಕಷ್ಟ, ಶಾಸನಸಭೆಯನ್ನು ಪೂರ್ಣವಾಗಿ ನಂಬುವುದೂ ಕಷ್ಟ ಎಂಬ ಅರ್ಥ ಬರುವಂತೆ ಮಾತನಾಡಿ, ತೀರ್ಮಾನವನ್ನು ಸಭೆಗೇ ಬಿಟ್ಟರು. ಅಷ್ಟು ದೊಡ್ಡ ಕಾನೂನುತಜ್ಞರು ಹಾಗೆ ಬಿಚ್ಚುಮನಸ್ಸಿನಿಂದ ಸಂದೇಹವನ್ನು ಒಪ್ಪಿಕೊಂಡದ್ದನ್ನು ಓದಿದಾಗಲೆಲ್ಲ ನನಗೆ ಅವರ ಮೇಲಿನ ಗೌರವ ಹೆಚ್ಚುತ್ತದೆ. 1949ರ ಸೆಪ್ಟೆಂಬರಿನಲ್ಲಿ ಅವರೇ ಈಗಿನ 22ನೆಯ ಅನುಚ್ಛೇದವನ್ನು ತಂದರು. ಹಿಂದೆ ಬಿಟ್ಟುಕೊಟ್ಟದ್ದರಲ್ಲಿ ಸ್ವಲ್ಪವನ್ನಾದರೂ ತುಂಬಿಕೊಡುವುದಕ್ಕೆ ಇದು ಎಂದು ಸಭೆಯಲ್ಲಿ ವಿವರಿಸಿದರು.

ಮಾತಿನ ಈ ಬದಲಾವಣೆಗೆ ಪರೀಕ್ಷೆ ಬರಲು ಬಹಳ ದಿನ ಹಿಡಿಯಲಿಲ್ಲ. ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26. ಒಂದು ತಿಂಗಳು ತುಂಬುವ ಹೊತ್ತಿಗೆ ಪಾರ್ಲಿಮೆಂಟಿನಲ್ಲಿ ಮುನ್ನೆಚ್ಚರಿಕೆಯ ಬಂಧನದ ಮಸೂದೆ ಬಂದಿತು. ತಂದವರು ಸರ್ದಾರ್ ಪಟೇಲರು. ಇದನ್ನು ತರುವುದಕ್ಕೆ ಮುಂಚೆ ತಮಗೆ ರಾತ್ರಿ ನಿದ್ದೆ ಬರಲಿಲ್ಲವೆಂದು ಅವರೇ ಹೇಳಿಕೊಂಡರು. ಒಂದು ವರ್ಷದ ಮಟ್ಟಿಗೆ ಎಂದು ಬಂದ ಕಾಯಿದೆ ಅದು. ಮತ್ತೆ ಮತ್ತೆ ಮುಂದುವರಿದು, 1969ರ ಡಿಸೆಂಬರ್ 31ರವರೆಗೆ ಇದ್ದಿತು. ತಾತ್ಕಾಲಿಕ ಕಾನೂನುಗಳ ಆಯುಸ್ಸು ಹೀಗೆಯೇ.

ಆಗ ಮದರಾಸು ರಾಜ್ಯದ ಜೈಲಿನಲ್ಲಿ ಕಮ್ಯೂನಿಸ್ಟ್ ನಾಯಕ ಎ. ಕೆ. ಗೋಪಾಲನ್ ಇದ್ದರು. 1947ರ ಡಿಸೆಂಬರಿನಿಂದ ಅವರು ಒಂದಲ್ಲ ಒಂದು ಆಜ್ಞೆಯ ಮೇರೆಗೆ ಸೆರೆಯಲ್ಲಿಯೇ ಇದ್ದವರು. 1950ರ ಮಾರ್ಚ್ 1ರಂದು ಹೊಸ ಕಾಯಿದೆಯ ಆಜ್ಞೆಯನ್ನು ಜೈಲಿನಲ್ಲಿಯೇ ಅವರ ಕೈಗಿತ್ತರು. ಅವರು ಸುಪ್ರೀಂ ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಸೆರೆಯಲ್ಲಿಟ್ಟವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ, ಇಟ್ಟುಕೊಂಡಿರುವುದಕ್ಕೆ ನಿಮಗೇನು ಅಧಿಕಾರ ಎಂದು ಸರ್ಕಾರವನ್ನು ಕೇಳುವ ಅರ್ಜಿ ಇದು. ಅವರ ಪರವಾಗಿ ವಾದಿಸಿದವರು ಎಂ. ಕೆ. ನಂಬಿಯಾರ್, ಮಂಗಳೂರಿನಲ್ಲಿ ವಕೀಲಿ ನಡೆಸಿ ಮದರಾಸಿಗೆ ಹೋದವರು. ಆ ಮಾತುಗಳನ್ನು ಇಡಿಸಿದವರ ಊರೂ, ಅವುಗಳಿಗೆ ಇನ್ನೊಂದು ಅರ್ಥ ಹೇಳಿದವರು ವಕೀಲಿ ನಡೆಸಿದ ಊರೂ ಒಂದೇ ಆದದ್ದು ವಿಶೇಷ.

1950ರ ಮೇ 19ರಂದು ತೀರ್ಪು ಬಂದಿತು. ಬಂಧನದ ಕಾರಣವನ್ನು ಕೋರ್ಟಿಗೆ ಕೂಡ ತೋರಿಸಕೂಡದೆಂದಿದ್ದ ಒಂದು ಸೆಕ್ಷನ್ನನ್ನು ಹೊಡೆದುಹಾಕಿದ್ದು ನಿಜ. ಆದರೆ ಮುಖ್ಯ ಪ್ರಶ್ನೆಯಲ್ಲಿ ಗೋಪಾಲನ್ ಸೋತರು. ಪಾರ್ಲಿಮೆಂಟು ಕಾನೂನು ಮಾಡಿದೆ, ಸರ್ಕಾರ ಅದರ ಕ್ರಮದಂತೆ ನಡೆದಿದೆ. ಆ ಕ್ರಮ ನ್ಯಾಯವೋ ಅನ್ಯಾಯವೋ ಎಂದು ಕೇಳುವುದು ನಮ್ಮ ಕೆಲಸವಲ್ಲ ಎಂದು ಬಹುಮತದ ನ್ಯಾಯಮೂರ್ತಿಗಳು ಅಭಿಪ್ರಾಯಪಟ್ಟರು. ಯೋಚಿಸಿ ನೋಡಿ. ಅಂಗಡಿಯವನು ಅಳೆದು ಕೊಟ್ಟದ್ದು ಸರಿಯೇ ಎಂದು ಕೇಳಿದರೆ, ಅವನದೇ ಸೇರಿನಲ್ಲಿ ಅಳೆದು "ಸರಿಯಾಗಿದೆ" ಎಂದಂತಾಯಿತು. ಸೇರೇ ಚಿಕ್ಕದಾಗಿದ್ದರೆ?

ಆ ಪ್ರಶ್ನೆಯನ್ನು ಕೇಳಿದವರು ನ್ಯಾಯಮೂರ್ತಿ ಸೈಯದ್ ಫಜಲ್ ಅಲಿ. ಕಾನೂನು ಎಂಬ ಶಬ್ದದ ಹೊಟ್ಟೆಯಲ್ಲಿಯೇ ಕೆಲವು ಸಂಗತಿಗಳು ಅಡಗಿವೆ ಎಂದು ಅವರು ಭಿನ್ನ ತೀರ್ಪಿನಲ್ಲಿ ಬರೆದರು: ಮನುಷ್ಯನಿಗೆ ತಿಳಿವಳಿಕೆ ಕೊಡಬೇಕು, ಅವನ ಮಾತನ್ನು ಕೇಳಬೇಕು, ಕೇಳುವವರು ನಿಷ್ಪಕ್ಷಪಾತಿಗಳಾಗಿರಬೇಕು, ವಿಚಾರಣೆಗೆ ಒಂದು ಗೊತ್ತಾದ ರೀತಿ ಇರಬೇಕು. ಆ ಹೊತ್ತಿಗೆ ಅದು ಒಂಟಿ ದನಿ.

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಓಡಾಡುವವರು ಫ್ರೀಡಂ ಪಾರ್ಕನ್ನು ನೋಡಿರುತ್ತೀರಿ. ಅದು ಹಿಂದೆ ಸೆಂಟ್ರಲ್ ಜೈಲು. ಹಳೆಯ ಕಾವಲು ಗೋಪುರವನ್ನು ಈಗಲೂ ಉಳಿಸಿದ್ದಾರೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಯಾಯಿತು. ಮರುದಿನ ಬೆಳಿಗ್ಗೆ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ದೇಶಕ್ಕೆ ತಿಳಿಸಿದ್ದು ಈ ಆಕಾಶವಾಣಿಯಿಂದಲೇ. ಗಾಬರಿಯಾಗಲು ಕಾರಣವಿಲ್ಲ ಎಂದರು. ಅಂದು ಪಾರ್ಲಿಮೆಂಟಿನ ಸಮಿತಿಯೊಂದರ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಎಸ್. ಎನ್. ಮಿಶ್ರ ಇವರನ್ನು ಹಿಡಿದು ಈ ಜೈಲಿನಲ್ಲಿಟ್ಟರು. "ಯಾವ ಕಾನೂನಿನ ಮೇರೆಗೆ?" ಎಂದರೆ ಉತ್ತರ ಸಿದ್ಧವಾಗಿತ್ತು: 1971ರ ಆಂತರಿಕ ಭದ್ರತಾ ಕಾಯಿದೆ, ಜನರ ಬಾಯಲ್ಲಿ "ಮೀಸಾ". "ಏಕೆ?" ಎಂದು ಕೇಳುವ ಬಾಗಿಲು ಮಾತ್ರ ಮುಚ್ಚಿತ್ತು. 14, 21, 22ನೆಯ ಅನುಚ್ಛೇದಗಳ ಹಕ್ಕುಗಳಿಗಾಗಿ ಯಾರೂ ಕೋರ್ಟಿಗೆ ಹೋಗಕೂಡದೆಂದು ಜೂನ್ 27ರಂದು ರಾಷ್ಟ್ರಪತಿಗಳ ಆಜ್ಞೆ ಹೊರಟಿತು.

ಆದರೂ ಜನ ಕೋರ್ಟಿಗೆ ಹೋದರು. ಹೈಕೋರ್ಟುಗಳು ಕಿವಿಗೊಟ್ಟವು. ಆಜ್ಞೆಯೇ ಕಾಯಿದೆಗೆ ವಿರುದ್ಧವಾಗಿದ್ದರೆ, ದುರುದ್ದೇಶದಿಂದ ಹೊರಟಿದ್ದರೆ ಅದನ್ನು ನೋಡಲು ನಮಗೆ ಅಧಿಕಾರವುಂಟು ಎಂದು ಒಂಬತ್ತು ಹೈಕೋರ್ಟುಗಳು ಹೇಳಿದುವು. ಅವುಗಳಲ್ಲಿ ನಮ್ಮ ಕರ್ನಾಟಕದ ಹೈಕೋರ್ಟೂ ಒಂದು. 1976ರಲ್ಲಿ ಸರ್ಕಾರ ಹದಿನಾರು ಮಂದಿ ಹೈಕೋರ್ಟು ನ್ಯಾಯಾಧೀಶರನ್ನು ಬೇರೆ ರಾಜ್ಯಗಳಿಗೆ ವರ್ಗಮಾಡಿತು. ನಮ್ಮಲ್ಲಿಂದ ಡಿ. ಎಂ. ಚಂದ್ರಶೇಖರ್ ಅಲಹಾಬಾದಿಗೂ, ಎಂ. ಸದಾನಂದಸ್ವಾಮಿ ಗೌಹಾತಿಗೂ ಹೋಗಬೇಕಾಯಿತು.

ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. ಜಬಲ್ಪುರದ ಮೊಕದ್ದಮೆಯೆಂದು ಅದಕ್ಕೆ ಹೆಸರು. ವಾದ ನಡೆಯುತ್ತಿದ್ದಾಗ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಪ್ರಶ್ನೆ ಕೇಳಿದರು. ಪೋಲೀಸಿನವನೊಬ್ಬ ಸ್ವಂತ ಹಗೆಯಿಂದ ಒಬ್ಬನನ್ನು ಕೊಂದುಬಿಟ್ಟರೆ, ಆಗಲೂ ಪರಿಹಾರವಿಲ್ಲವೆ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂದೇ ಉತ್ತರ ಬಂದಿತು. ಇಪ್ಪತ್ತಾರು ವರ್ಷಗಳ ಹಿಂದೆ ಬಿತ್ತಿದ ಬೀಜ ಬೆಳೆದು ಹೀಗೆ ತೆನೆಯಾಯಿತು. 1976ರ ಏಪ್ರಿಲ್ 28ರಂದು ಎ. ಎನ್. ರೇ, ಬೇಗ್, ವೈ. ವಿ. ಚಂದ್ರಚೂಡ್, ಭಗವತಿ ಈ ನಾಲ್ವರು ಸರ್ಕಾರದ ಪಕ್ಷವನ್ನು ಎತ್ತಿಹಿಡಿದರು. ಖನ್ನಾ ಒಬ್ಬರು ಒಪ್ಪಲಿಲ್ಲ. ಪ್ರಾಣ ಸ್ವಾತಂತ್ರ್ಯಗಳು ಮನುಷ್ಯನಿಗೆ ಸಂವಿಧಾನ ದಾನಮಾಡಿದ ವಸ್ತುಗಳಲ್ಲ, ಅದು ಇಲ್ಲದಿದ್ದಾಗಲೂ ಕಾನೂನಿನ ಆಧಾರವಿಲ್ಲದೆ ಅವನ್ನು ಕಸಿಯುವಂತಿರಲಿಲ್ಲ ಎಂಬುದು ಅವರ ವಾದದ ತಿರುಳು. ತೀರ್ಪು ಹೊರಬೀಳುವ ಮುಂಚೆ ತಮ್ಮ ಸೋದರಿಯ ಹತ್ತಿರ, ಇದರಿಂದ ನನಗೆ ಮುಖ್ಯ ನ್ಯಾಯಾಧೀಶನ ಪದವಿ ತಪ್ಪುತ್ತದೆ ಎಂದು ಹೇಳಿದ್ದರೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಾಗೆಯೇ ಆಯಿತು. 1977ರ ಜನವರಿಯಲ್ಲಿ ಅವರಿಗಿಂತ ಕಿರಿಯರಾದ ಬೇಗ್ ಅವರಿಗೆ ಆ ಪದವಿ ಹೋಯಿತು. ಖನ್ನಾ ರಾಜೀನಾಮೆ ಕೊಟ್ಟರು.

ಅದೇ ತಿಂಗಳು ಇನ್ನೊಂದು ಸಂಗತಿ ನಡೆಯಿತು. "ಸಂಸ್ಕಾರ" ಚಲಚ್ಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ ಸ್ನೇಹಲತಾ ರೆಡ್ಡಿಯವರನ್ನು ನೀವು ಬಲ್ಲಿರಿ. 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿದು ಬೆಂಗಳೂರಿನ ಇದೇ ಜೈಲಿನಲ್ಲಿಟ್ಟಿದ್ದರು. ವಿಚಾರಣೆ ನಡೆಯಲಿಲ್ಲ. ಅವರಿಗೆ ಆಸ್ತಮಾ ರೋಗ. ಕಾಯಿಲೆ ಕೈಮೀರಿದ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. 20ನೆಯ ತಾರೀಖು ಅವರು ತೀರಿಕೊಂಡರು. ಅವರನ್ನು ಸೆರೆಯಲ್ಲಿಟ್ಟದ್ದು ಕಾನೂನಿನ ಮೇರೆಗೇ, ಸ್ವಾಮಿ. ಅದರಲ್ಲಿ ಸಂದೇಹವಿಲ್ಲ.

ಮುಂದಿನ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. 1977ರ ಮಾರ್ಚಿನಲ್ಲಿ ಸರ್ಕಾರ ಬದಲಾಯಿತು. ಜುಲೈ ತಿಂಗಳಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಹೊಸ ಸರ್ಕಾರ ವಶಪಡಿಸಿಕೊಳ್ಳಹೊರಟಿತು. ಕಾರಣ ಕೇಳಿದರೆ, ಸಾರ್ವಜನಿಕ ಹಿತದ ದೃಷ್ಟಿಯಿಂದ ಹೇಳಲಾಗದು ಎಂದಿತು. ತುರ್ತು ಪರಿಸ್ಥಿತಿಯನ್ನು ತಂದ ಪ್ರಧಾನಿಯ ಸೊಸೆಯೇ ಆಕೆ, "ಏಕೆ?" ಎಂದು ಕೇಳುತ್ತ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬಂದದ್ದು ಆಕೆಗೆ. 1978ರ ಜನವರಿ 25ರಂದು ಏಳು ಮಂದಿಯ ಪೀಠ ಕೊಟ್ಟ ತೀರ್ಪಿನಲ್ಲಿ, ಕಾನೂನು ಸ್ಥಾಪಿಸಿದ ಕ್ರಮ ಎಂದರೆ ಯಾವುದೋ ಒಂದು ಕ್ರಮವಲ್ಲ, ಅದು ನ್ಯಾಯವೂ ಯುಕ್ತವೂ ಆದ ಕ್ರಮವಾಗಿರಬೇಕು ಎಂದಾಯಿತು. ನರಸಿಂಗರಾಯರು ಮುಂಬಾಗಿಲಿನಿಂದ ಕಳಿಸಿದ ಅತಿಥಿ ಹಿತ್ತಿಲ ಬಾಗಿಲಿನಿಂದ ಮನೆಯೊಳಗೆ ಬಂದು ಕುಳಿತಂತೆ. ಆ ಪೀಠದ ಒಬ್ಬರು ನ್ಯಾಯಮೂರ್ತಿ ಮುರ್ತಜಾ ಫಜಲ್ ಅಲಿ. 1950ರಲ್ಲಿ ಒಂಟಿಯಾಗಿ ನಿಂತ ಫಜಲ್ ಅಲಿಯವರ ಮಗ.

ಅದೇ 1978ರ ನಲವತ್ತನಾಲ್ಕನೆಯ ತಿದ್ದುಪಡಿಯ ಪ್ರಕಾರ, ತುರ್ತು ಪರಿಸ್ಥಿತಿಯಲ್ಲಿ ಕೂಡ 21ನೆಯ ಅನುಚ್ಛೇದದ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನು ತಡೆಯುವಂತಿಲ್ಲ. ಜಬಲ್ಪುರದ ತೀರ್ಪು ಮಾತ್ರ ಪುಸ್ತಕದಲ್ಲಿ ಹಾಗೆಯೇ ಉಳಿದಿತ್ತು. ಅದು ತಪ್ಪಾಯಿತೆಂದು ಭಗವತಿಯವರು 2011ರಲ್ಲಿ ಒಪ್ಪಿಕೊಂಡರು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಒಂದು ಅರ್ಜಿ ಹಾಕಿದರು. ಅದರಿಂದ ಹುಟ್ಟಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ಮಂದಿಯ ಪೀಠ ಖಾಸಗಿ ಬದುಕಿನ ಹಕ್ಕನ್ನು ಎತ್ತಿಹಿಡಿದು, ಜೊತೆಗೆ ಜಬಲ್ಪುರದ ತೀರ್ಪನ್ನೂ ರದ್ದುಮಾಡಿತು. ಅದು ತಪ್ಪೆಂದು ಬರೆದ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್, 1976ರ ನಾಲ್ವರಲ್ಲಿ ಒಬ್ಬರ ಮಗ.

ಹಾಗಾದರೆ ಬಾಗಿಲು ತಟ್ಟಿದ ಅಧಿಕಾರಿಯ ಮುಂದೆ ಇಂದು ನಿಮ್ಮ ಸ್ಥಿತಿ ಏನು? ಸಾಮಾನ್ಯ ದಸ್ತಗಿರಿಯಾದರೆ ಆಗಲೇ ಹೇಳಿದ ರಕ್ಷಣೆಗಳೆಲ್ಲ ನಿಮಗುಂಟು. ಮುನ್ನೆಚ್ಚರಿಕೆಯ ಬಂಧನವಾದರೆ ಬೇರೆ ಮಾತು. ಕೇಂದ್ರದ 1980ರ ರಾಷ್ಟ್ರೀಯ ಭದ್ರತಾ ಕಾಯಿದೆ ಇದೆ. ಪತ್ರಿಕೆಗಳಲ್ಲಿ ನೀವು ಓದುವ ನಮ್ಮ ರಾಜ್ಯದ 1985ರ "ಗೂಂಡಾ ಕಾಯಿದೆ" ಇದೆ. ಎರಡರಲ್ಲಿಯೂ ಹನ್ನೆರಡು ತಿಂಗಳವರೆಗೆ ಇಡಬಹುದು. ಭದ್ರತಾ ಕಾಯಿದೆಯ ಪ್ರಕಾರ ಕಾರಣವನ್ನು ಸಾಮಾನ್ಯವಾಗಿ ಐದು ದಿನಗಳೊಳಗೆ ತಿಳಿಸಬೇಕು. ಆದರೆ ಬಹಿರಂಗಪಡಿಸುವುದು ಸಾರ್ವಜನಿಕ ಹಿತಕ್ಕೆ ವಿರೋಧವೆಂದು ಸರ್ಕಾರಕ್ಕೆ ತೋರಿದ ಸಂಗತಿಗಳನ್ನು ಹೇಳದಿರಬಹುದು. ಸಲಹಾ ಮಂಡಲಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ನಿಮಗಿಲ್ಲ. ಸಿಕ್ಕಿಬಿದ್ದ ಕಳ್ಳನಿಗೆ ಇರುವಷ್ಟು ಅನುಕೂಲ, ಏನೂ ಮಾಡದೆ ಶಂಕೆಗೆ ಗುರಿಯಾದವನಿಗೆ ಇಲ್ಲ. ಉಳಿದಿರುವುದು ಹೇಬಿಯಸ್ ಕಾರ್ಪಸ್ ಅರ್ಜಿ. ಹೈಕೋರ್ಟಿಗಾಗಲಿ ಸುಪ್ರೀಂ ಕೋರ್ಟಿಗಾಗಲಿ ಅದನ್ನು ನಿಮ್ಮ ಪರವಾಗಿ ನಿಮ್ಮ ಹೆಂಡತಿಯೋ, ಮಗನೋ, ಸ್ನೇಹಿತನೋ ಹಾಕಬಹುದು. ಆಜ್ಞೆಯಲ್ಲಿ ಮನಸ್ಸಿಟ್ಟು ಯೋಚಿಸಿದ ಗುರುತಿಲ್ಲ, ಕಾರಣಗಳ ಕಾಗದವನ್ನು ಆಳಿಗೆ ತಿಳಿಯುವ ಭಾಷೆಯಲ್ಲಿ ಕೊಟ್ಟಿಲ್ಲ, ಅವನ ಮನವಿಯನ್ನು ನೋಡದೆ ತಡಮಾಡಿದ್ದಾರೆ ಎಂಬಂಥ ದೋಷಗಳಿಗಾಗಿ ಕೋರ್ಟುಗಳು ಆಜ್ಞೆಗಳನ್ನು ರದ್ದುಮಾಡುತ್ತಲೇ ಇರುತ್ತವೆ. ಆದಕಾರಣ ಮನೆಯವರು ಕಾಗದಪತ್ರಗಳನ್ನು, ತಾರೀಖುಗಳನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಕಡೆಗೆ ಒಂದು ಸಣ್ಣ ಸಂಗತಿ. ಸಲಹಾ ಮಂಡಲಿಯ ಅಭಿಪ್ರಾಯವಿಲ್ಲದೆ ಮೂರು ತಿಂಗಳವರೆಗೆ ಸೆರೆಯಲ್ಲಿಡಲು 22ನೆಯ ಅನುಚ್ಛೇದ ಎಡೆಕೊಡುತ್ತದೆ. ಅದನ್ನು ಎರಡು ತಿಂಗಳಿಗೆ ಇಳಿಸಬೇಕೆಂದೂ, ಆ ಮಂಡಲಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರ ಶಿಫಾರಸಿನಂತೆ ರಚಿಸಬೇಕೆಂದೂ ನಲವತ್ತನಾಲ್ಕನೆಯ ತಿದ್ದುಪಡಿಯಲ್ಲಿ ಒಂದು ಸೆಕ್ಷನ್ ಇದೆ. ಪಾರ್ಲಿಮೆಂಟು ಅದನ್ನು 1978ರಲ್ಲಿಯೇ ಒಪ್ಪಿತು. ಅದು ಜಾರಿಗೆ ಬರುವ ದಿನವನ್ನು ಗೊತ್ತುಮಾಡಿ ಗೆಜೆಟ್ಟಿನಲ್ಲಿ ಪ್ರಕಟಿಸುವ ಕೆಲಸ ಕೇಂದ್ರ ಸರ್ಕಾರದ್ದು. ಅಂದಿನಿಂದ ಎಷ್ಟೋ ಸರ್ಕಾರಗಳು ಬಂದು ಹೋಗಿವೆ. ಆ ಸೆರೆಯ ರುಚಿ ಕಂಡವರೇ ಕೆಲವು ಸಲ ಅಧಿಕಾರದಲ್ಲಿ ಕುಳಿತಿದ್ದಾರೆ. ಆ ಪ್ರಕಟಣೆ ಇಂದಿನವರೆಗೂ ಹೊರಟಿಲ್ಲ.